ಬಾವಲಿ ಮುದ್ರೆಯ ರಮ್ಮು

ಕಬ್ಬಿನ ರಸವನ್ನು ಕಾಯಿಸಿ, ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ಬಣ್ಣದ ಅಂಟುದ್ರವಕ್ಕೆ ಕಾಕಂಬಿ ಎಂದು ಹೆಸರು. ಸಕ್ಕರೆ ಕಾರ್ಖಾನೆಯ ಸಮೀಪದಲ್ಲಿ ಎಂದಾದರೂ ಹಾದುಹೋದವರಿಗೆ ಅದರ ಹುಳಿಮಿಶ್ರಿತ ವಾಸನೆ ಪರಿಚಿತವಾದುದೇ. ಈ ದ್ರವದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇನ್ನೂ ಸಕ್ಕರೆಯೇ ಇರುತ್ತದೆ. ಆದರೆ ಅದನ್ನು ಹರಳುಗಟ್ಟಿಸಿ ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರುವುದರಿಂದ ಕಾರ್ಖಾನೆಯವರು ಅದರ ಗೊಡವೆಗೆ ಹೋಗುವುದಿಲ್ಲ. ಹೀಗೆ ಬೇಡವೆಂದು ಬಿಟ್ಟ ಈ ಕಸುವಿನಿಂದಲೇ ರಮ್ಮು ಎಂಬ ಮದ್ಯ ತಯಾರಾಗುತ್ತದೆ. ಅದನ್ನೇ ನೆಚ್ಚಿಕೊಂಡು ಕ್ಯೂಬಾ ದ್ವೀಪದ ಒಂದು ಮನೆತನ ನೂರ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿರುವ ಉದ್ಯಮವೊಂದನ್ನು ಕಟ್ಟಿತು. ಅದು ಬಕಾರ್ಡಿ ಮನೆತನ.

ಮದ್ಯವನ್ನು ಕುರಿತ ಲೇಖನ ವಿದ್ಯಾರ್ಥಿಗಳಿಗೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಮದ್ಯಪಾನದ ಪ್ರಶಂಸೆ ಇಲ್ಲಿಯ ಉದ್ದೇಶವಲ್ಲ. ಮದ್ಯಸಾರದ ಪಾನೀಯಗಳು ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ವರ್ಗೀಕರಿಸಿದೆ. ನಮ್ಮ ಕುತೂಹಲ ಬೇರೆ. 1960ರಲ್ಲಿ ಈ ಕಂಪನಿಯ ತಾಯ್ನೆಲದ ಕಾರ್ಖಾನೆ, ಉಗ್ರಾಣ, ಕಚೇರಿ, ಪೀಪಾಯಿಗಳೆಲ್ಲವೂ ಒಂದೇ ಏಟಿಗೆ ಕೈಬಿಟ್ಟುಹೋದವು. ಆದರೂ ಕಂಪನಿ ಸಾಯಲಿಲ್ಲ. ಹಾಗಾದರೆ ಆ ಕಂಪನಿಯ ನಿಜವಾದ ಆಸ್ತಿ ಯಾವುದು? ಇದು ಅರ್ಥಶಾಸ್ತ್ರದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದಕ್ಕೆ ಉತ್ತರ ಹುಡುಕುವಾಗ ಅರ್ಧ ದಾರಿಯನ್ನು ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರಗಳ ಜೊತೆಯಲ್ಲಿಯೇ ನಡೆಯಬೇಕಾಗುತ್ತದೆ.

ಫಾಕುಂಡೊ ಬಕಾರ್ಡಿ ಮಾಸ್ಸೊ ಎಂಬಾತ ಸ್ಪೇನ್ ದೇಶದ ಕತಲೋನಿಯಾ ಪ್ರಾಂತದ ಸಿಟ್ಜೆಸ್ ಎಂಬ ಕಡಲತೀರದ ಊರಿನವನು. 1830ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಅಟ್ಲಾಂಟಿಕ್ ಸಾಗರವನ್ನು ದಾಟಿ ಆಗ ಸ್ಪೇನಿನ ವಸಾಹತಾಗಿದ್ದ ಕ್ಯೂಬಾಕ್ಕೆ ಬಂದು ಸಾಂತಿಯಾಗೋ ನಗರದಲ್ಲಿ ನೆಲೆಸಿದನು. ಅಂಗಡಿಯಿಟ್ಟನು, 1843ರಲ್ಲಿ ಅಮಾಲಿಯಾ ಮೊರೋ ಎಂಬಾಕೆಯನ್ನು ಮದುವೆಯಾದನು, ವ್ಯಾಪಾರವೂ ಕುದುರಿತು. 1852ರಲ್ಲಿ ವಿಧಿ ಮುನಿಯಿತು. ಆ ವರ್ಷದ ಭೂಕಂಪ ನಗರವನ್ನು ಅಲುಗಿಸಿದ ಬೆನ್ನಿಗೇ ಕಾಲರಾ ಹಬ್ಬಿತು. ದಂಪತಿಗಳು ಇಬ್ಬರು ಮಕ್ಕಳನ್ನು ಕಳೆದುಕೊಂಡರು. ಗಿರಾಕಿಗಳಿಗೆ ಕೊಟ್ಟ ಸಾಲ ಹಿಂದಿರುಗಲಿಲ್ಲ. 1855ರಲ್ಲಿ ಫಾಕುಂಡೊ ದಿವಾಳಿಯಾದನು.

ಅಂದಿನ ಕ್ಯೂಬಾ ಸಕ್ಕರೆಯ ದ್ವೀಪವಾಗಿತ್ತು. 1791ರಲ್ಲಿ ನೆರೆಯ ಹೈಟಿಯಲ್ಲಿ ಗುಲಾಮರು ದಂಗೆಯೆದ್ದು ಅಲ್ಲಿಯ ಕಬ್ಬಿನ ತೋಟಗಳು ನಾಶವಾದ ಮೇಲೆ ಲೋಕದ ಸಕ್ಕರೆಯ ಬೇಡಿಕೆ ಕ್ಯೂಬಾದ ಕಡೆಗೆ ಹರಿದಿತ್ತು. ಕ್ಯೂಬಾದ ತೋಟಗಳಲ್ಲಿ ದುಡಿಯುತ್ತಿದ್ದವರೂ ಆಫ್ರಿಕಾದಿಂದ ತಂದ ಗುಲಾಮರೇ. ಅಲ್ಲಿ ಗುಲಾಮಗಿರಿ ಪೂರ್ಣವಾಗಿ ರದ್ದಾದುದು 1886ರಲ್ಲಿ. ಅಗ್ಗದ ಕಾಕಂಬಿಯ ಹಿಂದೆ ಈ ಬೆವರು ಇತ್ತೆಂಬುದನ್ನು ರಮ್ಮಿನ ಜಾಹೀರಾತುಗಳು ಹೇಳುವುದಿಲ್ಲ, ನಾವು ಮರೆಯಲಾಗದು.

ಕಾಕಂಬಿಗೆ ಬರವಿರಲಿಲ್ಲ, ರಮ್ಮಿಗೂ ಬರವಿರಲಿಲ್ಲ. ಆದರೆ ಆ ಕಾಲದ ರಮ್ಮು ಗಂಟಲನ್ನು ಸುಡುವ, ವಾಸನೆ ಹೊಡೆಯುವ ಒರಟು ಪಾನೀಯ. ನಾವಿಕರಿಗೂ ಕೂಲಿಗಳಿಗೂ ಮೀಸಲು. ಸಿರಿವಂತರು ಯೂರೋಪಿನಿಂದ ಬಂದ ಬ್ರಾಂದಿಯನ್ನೇ ಬಯಸುತ್ತಿದ್ದರು. ಹೋಸೆ ಲಿಯಾನ್ ಬುತೆಯೇ ಎಂಬ ಫ್ರೆಂಚ್ ಮೂಲದವನ ಬಳಿ ಒಂದು ಸಣ್ಣ ಭಟ್ಟಿಯಿತ್ತು. ಅವನೊಡನೆ ಸೇರಿ ಫಾಕುಂಡೊ ಪ್ರಯೋಗಗಳಿಗೆ ತೊಡಗಿದನು. 1862ರ ಫೆಬ್ರುವರಿ 4ರಂದು, ತಮ್ಮನಾದ ಹೋಸೆಯ ನೆರವೂ ದೊರೆತು, ನ್ಯೂನ್ಸ್ ಎಂಬ ಆಂಗ್ಲನಿಗೆ ಸೇರಿದ್ದ ತಗಡಿನ ಮಾಡಿನ ಭಟ್ಟಿಮನೆಯನ್ನು 3,500 ಪೆಸೊಗಳಿಗೆ ಕೊಂಡರು. ಕಂಪನಿಯ ಹುಟ್ಟುಹಬ್ಬ ಅದೇ ದಿನ.

ಇನ್ನು ಪ್ರಯೋಗದ ವಿಷಯ. ಕಾಕಂಬಿಗೆ ನೀರು ಬೆರೆಸಿ ಯೀಸ್ಟನ್ನು ಸೇರಿಸಿದರೆ ಆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಗೆಡವುತ್ತವೆ. ಲೆಕ್ಕದಂತೆ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಮದ್ಯಸಾರ ಮತ್ತು 88 ಗ್ರಾಂ ಅನಿಲ ದೊರೆಯಬೇಕು. ಸಮೀಕರಣವೇನೋ ಅಚ್ಚುಕಟ್ಟಾಗಿದೆ, ಜೀವಿಗಳು ಮಾತ್ರ ಸಮೀಕರಣವನ್ನು ಓದಿಕೊಂಡು ಬಂದವಲ್ಲ. ಒಂದೊಂದು ಬಗೆಯ ಯೀಸ್ಟು ಮದ್ಯಸಾರದ ಜೊತೆಗೆ ಬೇರೆ ಬೇರೆ ಆಮ್ಲಗಳನ್ನೂ ಎಸ್ಟರುಗಳನ್ನೂ ಭಾರವಾದ ಆಲ್ಕೊಹಾಲುಗಳನ್ನೂ ಸ್ವಲ್ಪಸ್ವಲ್ಪ ತಯಾರಿಸುತ್ತದೆ. ರುಚಿ, ವಾಸನೆ, ಗಂಟಲ ಉರಿ ಎಲ್ಲವೂ ಈ 'ಸ್ವಲ್ಪಸ್ವಲ್ಪ'ಗಳಲ್ಲಿ ಅಡಗಿವೆ. ಗಾಳಿಯಲ್ಲಿ ತೇಲಿಬಂದ ಯೀಸ್ಟನ್ನೇ ನಂಬಿದವನ ರಮ್ಮು ಇಂದು ಒಂದು ತೆರ, ನಾಳೆ ಇನ್ನೊಂದು ತೆರ.

ಫಾಕುಂಡೊ ಕಬ್ಬಿನ ಗದ್ದೆಯಿಂದ ಒಂದು ವಿಶಿಷ್ಟ ಯೀಸ್ಟ್ ತಳಿಯನ್ನು ಬೇರ್ಪಡಿಸಿದನೆಂದೂ, ಅದನ್ನೇ ಇಂದಿಗೂ ಬಳಸುತ್ತಿರುವೆವೆಂದೂ ಕಂಪನಿ ಹೇಳಿಕೊಳ್ಳುತ್ತದೆ. ಈ ಮಾತನ್ನು ತುಸು ಎಚ್ಚರದಿಂದ ಅರ್ಥಮಾಡಿಕೊಳ್ಳಬೇಕು. ಹುದುಗುವಿಕೆ ಜೀವಿಗಳ ಕೆಲಸವೆಂದು ಪಾಶ್ಚರನು ಪ್ಯಾರಿಸಿನಲ್ಲಿ ವಾದಿಸುತ್ತಿದ್ದುದು ಅದೇ ಕಾಲದಲ್ಲಿ. ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸುವ ಕ್ರಮವನ್ನು ಡೆನ್ಮಾರ್ಕಿನ ಹಾನ್ಸನ್ನನು ಸಾಧಿಸಿದುದು 1883ರಲ್ಲಿ. ಹೀಗಿರುವಾಗ 1862ರಲ್ಲಿ ಸಾಂತಿಯಾಗೋದ ವ್ಯಾಪಾರಿಯೊಬ್ಬನು ಇಂದಿನ ಅರ್ಥದಲ್ಲಿ ತಳಿಯನ್ನು ಬೇರ್ಪಡಿಸಿರಲಾರನು. ಚೆನ್ನಾಗಿ ಬಂದ ಹುದುಗಿನ ಒಂದು ಪಾಲನ್ನು ತೆಗೆದಿರಿಸಿ ಮುಂದಿನದಕ್ಕೆ ಬೆರೆಸುತ್ತ, ಒಳ್ಳೆಯದನ್ನು ಉಳಿಸಿಕೊಂಡು ಕೆಟ್ಟದ್ದನ್ನು ಬಿಡುತ್ತ ಬಂದಿರಬೇಕು. ನಮ್ಮ ಮನೆಗಳಲ್ಲಿ ಹೆಂಗಸರು ಹಾಲಿಗೆ ಹೆಪ್ಪು ಹಾಕುವುದು ಇದೇ ರೀತಿಯಲ್ಲಿ ಅಲ್ಲವೇ? ಗಟ್ಟಿ ಮೊಸರಿನ ಒಂದು ಚಮಚೆ ನಾಳೆಯ ಮೊಸರಿಗೆ ಬೀಜ. ಹೆಪ್ಪಿನ ಇನ್ನೊಂದು ಗುಣವನ್ನೂ ವಾಚಕರು ನೆನಪಿನಲ್ಲಿಡಬೇಕು: ನೆರೆಮನೆಗೆ ಕೊಟ್ಟರೆ ನಮ್ಮದು ಕಡಿಮೆಯಾಗುವುದಿಲ್ಲ, ನಮ್ಮ ಗಡಿಗೆ ಒಡೆದರೂ ನೆರೆಮನೆಯಲ್ಲಿ ನಮ್ಮ ಹೆಪ್ಪು ಉಳಿದಿರುತ್ತದೆ.

ಹುದುಗಿದ ದ್ರವದಿಂದ ಮದ್ಯಸಾರವನ್ನು ಬೇರ್ಪಡಿಸಲು ಭಟ್ಟಿಯಿಳಿಸಬೇಕು. ಮದ್ಯಸಾರ ಸುಮಾರು 78 ಡಿಗ್ರಿ ಸೆಲ್ಸಿಯಸಿನಲ್ಲಿಯೂ ನೀರು 100 ಡಿಗ್ರಿಯಲ್ಲಿಯೂ ಕುದಿಯುವುದರಿಂದ, ಮಿಶ್ರಣವನ್ನು ಕಾಯಿಸಿದಾಗ ಏಳುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚಾಗಿರುತ್ತದೆ. ಗಡಿಗೆಯಾಕಾರದ ಭಟ್ಟಿಯಲ್ಲಿ ಒಮ್ಮೆ ಇಳಿಸಿದರೆ ಪೂರ್ಣವಾಗಿ ಬೇರ್ಪಡುವುದಿಲ್ಲ. ವಾಸನೆಯ ವಸ್ತುಗಳೂ ಜೊತೆಗೂಡಿ ಬರುತ್ತವೆ. 1830ರಲ್ಲಿ ಐರ್ಲೆಂಡಿನ ಈನಿಯಸ್ ಕಾಫಿ ಎಂಬ ಮಾಜಿ ಸುಂಕದ ಅಧಿಕಾರಿ ಏಕಸ್ವಾಮ್ಯ ಪಡೆದ ಸ್ತಂಭಾಕಾರದ ಭಟ್ಟಿಯಲ್ಲಿ ಆವಿಯು ತಟ್ಟೆಯಿಂದ ತಟ್ಟೆಗೆ ಏರುತ್ತ ಮತ್ತೆ ಮತ್ತೆ ದ್ರವಿಸಿ ಮತ್ತೆ ಮತ್ತೆ ಆವಿಯಾಗುತ್ತದೆ. ಒಂದೇ ಸ್ತಂಭದಲ್ಲಿ ಹತ್ತಾರು ಸಲ ಭಟ್ಟಿಯಿಳಿಸಿದಂತೆ! ಬಕಾರ್ಡಿಯವರು ಮೊದಲು ಗಡಿಗೆಯ ಭಟ್ಟಿಯಲ್ಲಿ ಕೆಲಸಮಾಡಿದರು, ಅನಂತರ ಸ್ತಂಭಗಳನ್ನು ತಂದರು. ವಾಸನೆ ತುಂಬಿದ ಒಂದು ದ್ರವ, ಹೆಚ್ಚು ಶುದ್ಧವಾದ ಇನ್ನೊಂದು ದ್ರವ, ಹೀಗೆ ಎರಡನ್ನು ಬೇರೆಬೇರೆಯಾಗಿ ಇಳಿಸಿ ಆಮೇಲೆ ಬೆರೆಸುವುದು ಅವರ ಪದ್ಧತಿಯಾಯಿತು.

ಮುಂದಿನ ಹಂತ ಓಕ್ ಮರದ ಪೀಪಾಯಿ. ಹೊಸ ರಮ್ಮು ನೀರಿನಂತೆ ಬಣ್ಣವಿಲ್ಲದ್ದು. ಪೀಪಾಯಿಯಲ್ಲಿ ಒಂದೆರಡು ವರ್ಷ ಕುಳಿತರೆ ಮರದ ಅಂಶಗಳನ್ನು ಹೀರಿ ಹೊಂಬಣ್ಣಕ್ಕೆ ತಿರುಗುತ್ತದೆ, ವೆನಿಲಾದ ಪರಿಮಳವನ್ನೂ ಪಡೆಯುತ್ತದೆ. ಆದರೆ ಮರದ ರಂಧ್ರಗಳ ಮೂಲಕ ಸರಕು ಆವಿಯಾಗಿ ಹೋಗುವುದನ್ನು ತಡೆಯುವವರಾರು? ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ ಒಂದು ಪಟ್ಟಿಯನ್ನು ನೋಡಬೇಕು. ಶುದ್ಧ ಮದ್ಯಸಾರದ ಆವಿಯ ಒತ್ತಡ 10 ಡಿಗ್ರಿಯಲ್ಲಿ ಪಾದರಸದ ಸುಮಾರು 24 ಮಿಲಿಮೀಟರ್, 20 ಡಿಗ್ರಿಯಲ್ಲಿ 44, 30 ಡಿಗ್ರಿಯಲ್ಲಿ 79. ತಂಪಾದ ಸ್ಕಾಟ್ಲೆಂಡಿನ ನೆಲಮನೆಗೂ ಸಾಂತಿಯಾಗೋದ ಉಗ್ರಾಣಕ್ಕೂ ಇರುವ ಅಂತರ ಈ ಅಂಕಿಗಳಲ್ಲಿದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಪಾಲು ನಷ್ಟವೆಂದು ಲೆಕ್ಕ. ಉಷ್ಣದೇಶದಲ್ಲಿ ಅದು ನೂರಕ್ಕೆ ಎಂಟು ಎಂದಿಟ್ಟುಕೊಳ್ಳೋಣ. ಹನ್ನೆರಡು ವರ್ಷಗಳಲ್ಲಿ ಮೊದಲನೆಯದರಲ್ಲಿ ನೂರು ಲೀಟರಿಗೆ ಸುಮಾರು 78 ಲೀಟರ್ ಉಳಿದರೆ ಎರಡನೆಯದರಲ್ಲಿ ಉಳಿಯುವುದು 37 ಮಾತ್ರ. ಚಕ್ರಬಡ್ಡಿಯ ಲೆಕ್ಕವೇ ಇದು, ತಲೆಕೆಳಗಾಗಿ. ಉಷ್ಣದೇಶದ ರಮ್ಮಿನ ವ್ಯಾಪಾರಿ ಬೇಗ ಹದಕ್ಕೆ ಬರುವ ಸರಕನ್ನು ಬೇಗ ಮಾರಲು ಹಾತೊರೆಯುವುದರಲ್ಲಿ ಆಶ್ಚರ್ಯವೇನು? ಅದೃಷ್ಟವಶಾತ್, ಅದೇ ಸೆಖೆಯಿಂದ ಹದವೂ ಬೇಗ ಬರುತ್ತದೆ.

ಇನ್ನೊಂದು ಸಾಧನ ಇದ್ದಿಲು. ಇದ್ದಿಲಿನ ಪುಡಿ ಬಣ್ಣವನ್ನೂ ವಾಸನೆಯನ್ನೂ ಹಿಡಿದಿಡುತ್ತದೆಂದು 1785ರಲ್ಲಿ ರಷ್ಯದ ರಾಜಧಾನಿಯಲ್ಲಿದ್ದ ಲೋವಿಟ್ಸ್ ಎಂಬ ರಸಾಯನಜ್ಞ ಕಂಡುಹಿಡಿದಿದ್ದನು. ಸಕ್ಕರೆಯನ್ನು ಬೆಳ್ಳಗೆ ಮಾಡುವವರೂ ಮೂಳೆಯ ಇದ್ದಿಲನ್ನು ಬಳಸುತ್ತಿದ್ದರು. ಇದ್ದಿಲು ಸ್ಪಂಜು ನೀರನ್ನು ಹೀರುವಂತೆ ಹೀರುವುದಿಲ್ಲ. ಅಣುಗಳು ಅದರ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಇದೇ ಅಧಿಶೋಷಣೆ. ಚೆನ್ನಾಗಿ ಸಂಸ್ಕರಿಸಿದ ಒಂದು ಗ್ರಾಂ ಇದ್ದಿಲಿನ ಒಳರಂಧ್ರಗಳ ಮೇಲ್ಮೈಯನ್ನು ಬಿಡಿಸಿ ಹರಡಿದರೆ ಅನೇಕ ನೂರು ಚದರ ಮೀಟರ್ ಆಗುತ್ತದೆ. ಚಿಟಿಕೆಯಷ್ಟು ಪುಡಿಯಲ್ಲಿ ಒಂದು ದೊಡ್ಡ ನಿವೇಶನ! ಫಾಕುಂಡೊ ರಮ್ಮನ್ನು ಇದ್ದಿಲಿನ ಮೂಲಕ ಸೋಸಿದನು. ಪೀಪಾಯಿಯಲ್ಲಿ ಬಂದ ಬಣ್ಣವೂ ಹೋಯಿತು, ಕಟುವಾಸನೆಯೂ ಹೋಯಿತು. ಬಕಾರ್ಡಿಯ ಬಿಳಿಯ ರಮ್ಮು ಹೀಗೆ ಹುಟ್ಟಿತು. ನೋಡಲು ಹೊಸದರಂತೆ ಕಂಡರೂ ಅದು ಹದಗೊಂಡ ಮದ್ಯ.

ಯೀಸ್ಟು, ಭಟ್ಟಿ, ಓಕ್ ಪೀಪಾಯಿ, ಇದ್ದಿಲು ಇವುಗಳಲ್ಲಿ ಯಾವುದನ್ನೂ ಫಾಕುಂಡೊ ಕಂಡುಹಿಡಿದವನಲ್ಲ. ಎಲ್ಲವೂ ಬೇರೆ ಬೇರೆ ಕಸುಬುಗಳಲ್ಲಿ ಆಗಲೇ ಇದ್ದವು. ಅವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಪ್ರತಿ ಸಲವೂ ಅದೇ ಫಲ ಬರುವಂತೆ ಮಾಡಿದುದು ಅವನ ಸಾಧನೆ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಮಾತಲ್ಲ.

ಪ್ರತಿ ಸಲವೂ ಒಂದೇ ಆಗಿರುವ ಸರಕಿಗೆ ಗುರುತೂ ಬೇಕಾಗುತ್ತದೆ. ಹಳೆಯ ಭಟ್ಟಿಮನೆಯ ಮಾಡಿನ ತೊಲೆಗಳಲ್ಲಿ ಬಾವಲಿಗಳು ನೇತಾಡುತ್ತಿದ್ದುವಂತೆ. ಅದನ್ನೇ ಮುದ್ರೆಯಾಗಿ ಮಾಡಿಕೊಳ್ಳಿರೆಂದು ಸೂಚಿಸಿದವಳು ಅಮಾಲಿಯಾ ಎಂದು ಮನೆತನದ ಐತಿಹ್ಯ. ನಮ್ಮಲ್ಲಿ ಬಾವಲಿಯೆಂದರೆ ಹಾಳುಗುಡಿಯ ನೆನಪು. ಕತಲೋನಿಯಾದವರಿಗೆ ಅದು ಶುಭಸೂಚಕ. ಓದು ಬಾರದ ಗಿರಾಕಿಗಳು 'ಬಾವಲಿಯ ರಮ್ಮು' ಎಂದು ಕೇಳತೊಡಗಿದರು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಪದಕವೂ ದೊರೆಯಿತು.

ಫಾಕುಂಡೊ 1886ರಲ್ಲಿ ತೀರಿಕೊಂಡನು. ಹಿರಿಯ ಮಗ ಎಮಿಲಿಯೋ ವಿಚಿತ್ರ ವ್ಯಕ್ತಿ: ಅರ್ಧ ವ್ಯಾಪಾರಿ, ಅರ್ಧ ಕ್ರಾಂತಿಕಾರಿ. ಸ್ಪೇನಿನ ವಿರುದ್ಧದ ಸ್ವಾತಂತ್ರ್ಯ ಹೋರಾಟದಲ್ಲಿ ಭಾಗಿಯಾಗಿ ಎರಡು ಬಾರಿ ಗಡಿಪಾರಾಗಿ, ಆಫ್ರಿಕಾದ ಉತ್ತರ ತೀರದ ಸ್ಪ್ಯಾನಿಷ್ ಸೆರೆಮನೆಗಳನ್ನು ಕಂಡುಬಂದನು. ತಾನು ಸೆರೆಯಲ್ಲಿರುವಾಗ ತಮ್ಮಂದಿರು ಭಟ್ಟಿಯನ್ನು ನಡೆಸಿದರು. 1898ರಲ್ಲಿ ಸ್ಪೇನ್ ಸೋತ ಅನಂತರ ಅವನು ಸಾಂತಿಯಾಗೋದ ಮೇಯರನಾದನು, ನಗರದ ಚರಿತ್ರೆಯನ್ನು ಹತ್ತು ಸಂಪುಟಗಳಲ್ಲಿ ಬರೆದನು. ಊರಿಗೊಂದು ವಸ್ತುಸಂಗ್ರಹಾಲಯ ಕಟ್ಟಿಸಿ, ಅದಕ್ಕಾಗಿ ಈಜಿಪ್ಟಿನಿಂದ ಒಂದು ಮಮ್ಮಿಯನ್ನು ಹಡಗಿನಲ್ಲಿ ಹೊತ್ತುತಂದನು! ವ್ಯಾಪಾರವನ್ನು ನಿಜವಾಗಿ ಹೊರದೇಶಗಳಿಗೆ ಬೆಳೆಸಿದವನು ಮನೆಯ ಅಳಿಯ ಎನ್ರಿಕೆ ಶುಯೆಗ್. 1922ರಲ್ಲಿ ಎಮಿಲಿಯೋ ತೀರಿದ ಮೇಲೆ ಆಡಳಿತ ಅವನ ಕೈಸೇರಿತು. ಅವನ ಅಳಿಯ ಹೋಸೆ ಬೋಷ್ ಮುಂದೆ ಕಂಪನಿಯ ಚುಕ್ಕಾಣಿ ಹಿಡಿದನು. ಹೆಣ್ಣುಮಕ್ಕಳ ಗಂಡಂದಿರಿಗೆ ಅಧಿಕಾರ ಕೊಡಲು ಹಿಂಜರಿಯದಿದ್ದುದು ಈ ಮನೆತನದ ಆಯುಷ್ಯಕ್ಕೆ ಒಂದು ಕಾರಣವೆಂದೇ ನನಗೆ ತೋರುತ್ತದೆ.

1920ರಿಂದ 1933ರ ವರೆಗೆ ಅಮೆರಿಕದಲ್ಲಿ ಪಾನನಿರೋಧವಿತ್ತು. ದೊಡ್ಡ ಗಿರಾಕಿ ಬಾಗಿಲು ಮುಚ್ಚಿದನು. ಆದರೆ ಬಾಯಾರಿದ ಅಮೆರಿಕನರು ಹಡಗು ಹತ್ತಿ ಹವಾನಾಕ್ಕೇ ಬಂದರು. ಅಲ್ಲಿ 1930ರಲ್ಲಿ ಕಂಪನಿಯ ಭವ್ಯ ಭವನ ಎದ್ದಿತು. ಶಿಖರದ ಮೇಲೆ ಲೋಹದ ಬಾವಲಿ. 1931ರಲ್ಲಿ ಮೆಕ್ಸಿಕೋದಲ್ಲಿಯೂ 1936ರಲ್ಲಿ ಪೋರ್ಟೊರಿಕೊ ದ್ವೀಪದಲ್ಲಿಯೂ ರಮ್ಮಿನ ತಯಾರಿಕೆ ಮೊದಲಾಯಿತು. ಪೋರ್ಟೊರಿಕೊ ಅಮೆರಿಕದ ಸುಂಕದ ಗಡಿಯೊಳಗೇ ಇರುವುದರಿಂದ ಅಲ್ಲಿಂದ ಬರುವ ಸರಕಿಗೆ ಆಮದು ಸುಂಕವಿಲ್ಲ. ಅಲ್ಲಿಯ ಶಾಸನಸಭೆ ಹೊರಗಿನ ಹೆಸರಿನಲ್ಲಿ ರಮ್ಮನ್ನು ತಯಾರಿಸಬಾರದೆಂದು ಕಾನೂನು ಮಾಡಿ ತಡೆಯಲು ಯತ್ನಿಸಿತು. 1940ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತಿತು. ಹೆಸರು ಎಂಬುದು ಕಾರ್ಖಾನೆಯನ್ನು ಬಿಟ್ಟು ಬೇರೊಂದು ದೇಶಕ್ಕೆ ನಡೆದುಹೋಗಬಲ್ಲ ಆಸ್ತಿಯೆಂದು ಬೋಷ್ ಆಗಲೇ ಕಂಡುಕೊಂಡನೆಂದು ತೋರುತ್ತದೆ. 1950ರ ದಶಕದಲ್ಲಿ, ಕ್ಯೂಬಾದ ಸರ್ವಾಧಿಕಾರಿ ಬತಿಸ್ತನ ಆಳಿಕೆಯಲ್ಲಿಯೇ, ವ್ಯಾಪಾರಮುದ್ರೆಯ ಒಡೆತನವನ್ನು ಬಹಾಮಾ ದ್ವೀಪದಲ್ಲಿ ನೋಂದಾಯಿಸಿದ ಕಂಪನಿಗೆ ವರ್ಗಾಯಿಸಲಾಯಿತು.

1959ರ ಜನವರಿಯಲ್ಲಿ ಫಿಡೆಲ್ ಕಾಸ್ಟ್ರೋವಿನ ಸೇನೆ ಗೆದ್ದಿತು. ಬಕಾರ್ಡಿಗಳು ಅದನ್ನು ವಿರೋಧಿಸಿದವರಲ್ಲ. ಬತಿಸ್ತನ ಪತನವನ್ನು ಹಾರೈಸಿದ್ದವರೇ ಹೆಚ್ಚು. ಹವಾನಾದ ಭವನದ ಮೇಲೆ ಫಿಡೆಲನಿಗೆ ವಂದನೆ ಹೇಳುವ ಬಟ್ಟೆಯನ್ನೂ ತೂಗುಹಾಕಿದ್ದರು. ಸಕ್ಕರೆಯ ನಾಡಿನ ಸಂಪತ್ತು ಕೆಲವೇ ಕೈಗಳಲ್ಲಿ ಉಳಿಯಬಾರದೆಂಬುದು ಹೊಸ ಸರಕಾರದ ವಾದ. ಆ ವಾದಕ್ಕೆ ಆಧಾರವಿಲ್ಲದಿರಲಿಲ್ಲ. ಗುಲಾಮರ ಮೊಮ್ಮಕ್ಕಳು ಇನ್ನೂ ಅದೇ ಗದ್ದೆಗಳಲ್ಲಿ ಕಬ್ಬು ಕಡಿಯುತ್ತಿದ್ದರು. 1960ರ ಅಕ್ಟೋಬರ್ ಮಧ್ಯದಲ್ಲಿ 380ಕ್ಕೂ ಹೆಚ್ಚು ಉದ್ಯಮಗಳನ್ನು ಒಂದೇ ಶಾಸನದಿಂದ ರಾಷ್ಟ್ರೀಕರಿಸಲಾಯಿತು. ಬಕಾರ್ಡಿಯದೂ ಅದರಲ್ಲಿ ಸೇರಿತ್ತು. ಕುಟುಂಬದವರು ದೇಶ ಬಿಟ್ಟರು.

ಸರಕಾರದ ಕೈಗೆ ಕಟ್ಟಡಗಳು ಬಂದವು, ಭಟ್ಟಿಗಳು ಬಂದವು, ಹದಗೊಳ್ಳುತ್ತಿದ್ದ ರಮ್ಮಿನ ಪೀಪಾಯಿಗಳೂ ಬಂದವು. ಬಾರದಿದ್ದುವು ಎರಡು. ಹೆಪ್ಪು ಆಗಲೇ ನೆರೆಮನೆಗಳಲ್ಲಿತ್ತು. ಮೆಕ್ಸಿಕೋ ಮತ್ತು ಪೋರ್ಟೊರಿಕೊಗಳ ಕಾರ್ಖಾನೆಗಳು ಕಾಲು ಶತಮಾನದಿಂದ ಅದೇ ವಿಧಾನದಲ್ಲಿ ರಮ್ಮನ್ನು ತಯಾರಿಸುತ್ತಿದ್ದವು. ಕ್ಯೂಬಾದಲ್ಲಿ ಉಳಿದಿದ್ದ ಯೀಸ್ಟನ್ನು ಹೊರಡುವ ಮುನ್ನ ನಾಶಮಾಡಿದೆವೆಂದು ಕಂಪನಿ ಹೇಳುತ್ತದೆ. ಎರಡನೆಯದು ಹೆಸರು. ಕ್ಯೂಬಾ ಸರಕಾರ 'ಬಕಾರ್ಡಿ' ಎಂಬ ಹೆಸರಿನಲ್ಲಿಯೇ ರಮ್ಮನ್ನು ಹೊರಗೆ ಮಾರಲು ಯತ್ನಿಸಿದಾಗ ಹಲವು ದೇಶಗಳ ನ್ಯಾಯಾಲಯಗಳು ಆ ಹೆಸರು ಕುಟುಂಬದ್ದೆಂದು ತೀರ್ಮಾನಿಸಿದವು. 1965ರಲ್ಲಿ ಪ್ರಧಾನ ಕಚೇರಿ ಬರ್ಮುಡಾ ದ್ವೀಪಕ್ಕೆ ಬಂದಿತು.

ಇದು ಕೇವಲ ಅದೃಷ್ಟವಲ್ಲವೆಂಬುದಕ್ಕೆ ಪಕ್ಕದಲ್ಲಿಯೇ ಇನ್ನೊಂದು ನಿದರ್ಶನವಿದೆ. ಕ್ಯೂಬಾದ ಕಾರ್ದೆನಾಸ್ ಊರಿನ ಅರೆಚಾಬಾಲ ಮನೆತನ 1878ರಿಂದ ಇದೇ ಕಸುಬಿನಲ್ಲಿತ್ತು. 1930ರ ದಶಕದಲ್ಲಿ 'ಹವಾನಾ ಕ್ಲಬ್' ಎಂಬ ಹೆಸರಿನ ರಮ್ಮನ್ನು ಹೊರತಂದಿತ್ತು. 1960ರಲ್ಲಿ ಅವರದೂ ಮುಟ್ಟುಗೋಲಾಯಿತು. ಆದರೆ ಹೊರದೇಶದಲ್ಲಿ ಅವರಿಗೆ ಕಾರ್ಖಾನೆಯಿರಲಿಲ್ಲ. ಅಮೆರಿಕದಲ್ಲಿದ್ದ ಮುದ್ರೆಯ ನೋಂದಣಿಯ ಅವಧಿ 1973ರಲ್ಲಿ ಮುಗಿದಾಗ ಅದನ್ನು ನವೀಕರಿಸಲಿಲ್ಲ. 1976ರಲ್ಲಿ ಕ್ಯೂಬಾದ ಸರಕಾರಿ ಸಂಸ್ಥೆ ಅದೇ ಹೆಸರನ್ನು ಅಲ್ಲಿ ತನ್ನದಾಗಿ ನೋಂದಾಯಿಸಿಕೊಂಡಿತು. 1993ರಲ್ಲಿ ಫ್ರಾನ್ಸಿನ ಪೆರ್ನೊ ರಿಕಾರ್ ಕಂಪನಿ ಕ್ಯೂಬಾದೊಡನೆ ಪಾಲುದಾರನಾಗಿ ಆ ರಮ್ಮನ್ನು ಲೋಕಕ್ಕೆಲ್ಲ ಮಾರತೊಡಗಿದ ಮೇಲೆ, ಬಕಾರ್ಡಿ ಅರೆಚಾಬಾಲರಿಂದ ಅವರ ಹಕ್ಕನ್ನು ಕೊಂಡು ದಾವೆಗೆ ಇಳಿಯಿತು. 1998ರಲ್ಲಿ ಅಮೆರಿಕದ ಕಾಂಗ್ರೆಸ್ ಬಕಾರ್ಡಿಗೆ ಅನುಕೂಲವಾಗುವಂತಹ ಕಾನೂನು ಮಾಡಿತು. 2016ರಲ್ಲಿ ಅದೇ ದೇಶದ ಕಚೇರಿ ಕ್ಯೂಬಾದ ನೋಂದಣಿಯನ್ನು ನವೀಕರಿಸಿತು. 2024ರಲ್ಲಿ ಮತ್ತೊಂದು ಕಾನೂನು ಬಂದಿತು. ನವೀಕರಣದ ಒಂದು ಅರ್ಜಿ ತಪ್ಪಿದುದಕ್ಕೆ ವಕೀಲರಿಗೆ ಅರ್ಧ ಶತಮಾನದ ಜೀವನೋಪಾಯ!

ಕುಟುಂಬದ ಕಂಪನಿ ಮುಂದೆ ಕೊಳ್ಳುವುದರಲ್ಲಿ ತೊಡಗಿತು. 1990ರ ದಶಕದ ಮೊದಲಲ್ಲಿ ಇಟಲಿಯ ಮಾರ್ಟಿನಿ ಆಂಡ್ ರೋಸ್ಸಿ, 1998ರಲ್ಲಿ ಸ್ಕಾಟ್ಲೆಂಡಿನ ಡ್ಯೂಅರ್ಸ್ ವಿಸ್ಕಿ, 2004ರಲ್ಲಿ ಗ್ರೇ ಗೂಸ್ ವೋಡ್ಕಾ, 2018ರಲ್ಲಿ ಮೆಕ್ಸಿಕೋದ ಪತ್ರೋನ್ ಟೆಕೀಲಾ ಅದರ ವಶವಾದವು. 1990ರ ದಶಕದ ಕೊನೆಯಲ್ಲಿ ಭಾರತಕ್ಕೂ ಬಂದು, ನಮ್ಮ ಮೈಸೂರಿನ ಬಳಿಯ ನಂಜನಗೂಡಿನಲ್ಲಿ ಸೀಸೆಗಳನ್ನು ತುಂಬಿಸತೊಡಗಿತು. ಷೇರುಗಳು ಇಂದು ಫಾಕುಂಡೊವಿನ ನೂರಾರು ಮಂದಿ ವಂಶಜರ ನಡುವೆ ಹಂಚಿಹೋಗಿವೆ. ಇಷ್ಟು ಜನ ದಾಯಾದಿಗಳು ಒಂದೇ ಕಂಪನಿಯನ್ನು ಮುರಿಯದೆ ಇಟ್ಟುಕೊಂಡಿರುವುದು ಯೀಸ್ಟಿನ ರಹಸ್ಯಕ್ಕಿಂತ ಆಳವಾದ ರಹಸ್ಯವೆಂದು ನಮ್ಮ ಕಡೆಯ ಪಾಲುಪಟ್ಟಿಗಳನ್ನು ಕಂಡವರಿಗೆ ಅನ್ನಿಸಬಹುದು.

ಮುಟ್ಟುಗೋಲಿನ ಅನಂತರವೂ ಸಾಂತಿಯಾಗೋದ ಹಳೆಯ ಕಾರ್ಖಾನೆ ಬೆಂಕಿಯಾರಿಸಲಿಲ್ಲ. ಅದೇ ಗೋಡೆಗಳ ನಡುವೆ, ಅದೇ ಸೆಖೆಯಲ್ಲಿ, ಅದೇ ದ್ವೀಪದ ಕಾಕಂಬಿಯಿಂದ ಸರಕಾರ 'ಕಾನೇಯ್' ಮೊದಲಾದ ಬೇರೆ ಹೆಸರುಗಳಲ್ಲಿ ರಮ್ಮನ್ನು ತಯಾರಿಸಿತು. ಚೆನ್ನಾಗಿಯೇ ಇದೆಯೆಂದು ಬಲ್ಲವರು ಹೇಳುತ್ತಾರೆ. ಎಮಿಲಿಯೋವಿನ ವಸ್ತುಸಂಗ್ರಹಾಲಯ ಇಂದಿಗೂ ಅವನ ಹೆಸರಿನಲ್ಲಿಯೇ ಇದೆ, ಮಮ್ಮಿಯೂ ಒಳಗಿದೆ. ಹವಾನಾದ ಬಕಾರ್ಡಿ ಭವನದ ಶಿಖರದಲ್ಲಿ ಲೋಹದ ಬಾವಲಿ ರೆಕ್ಕೆ ಬಿಚ್ಚಿಕೊಂಡು ನಿಂತಿದೆ. ಅದರ ಕಣ್ಣಳತೆಯ ಆ ದ್ವೀಪದಲ್ಲಿ 1960ರಿಂದೀಚೆಗೆ ಆ ಮನೆತನದವರು ಒಂದು ಸೀಸೆ ರಮ್ಮನ್ನೂ ತಯಾರಿಸಿಲ್ಲ.